ನನ್ನ ಬಳಕೆ ಇದ್ದದ್ದು ಬಟ್ಟೆಯ ಜೊತೆಗೇ

ಮಂಗಳವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಯಲ್ಲಿ ನಮ್ಮ ಸೋದರತ್ತೆ ಪುರೋಹಿತರಿಗೆ ಹೇಳಿದ ಮಾತು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

ಅಸ್ಥಿ ಬಿಟ್ಟಾಗಿತ್ತು. ನ್ಯೂಜೆರ್ಸಿಯಿಂದ ಬಂದ ಮಗ ಮುಳುಗು ಹಾಕಿ, ಒದ್ದೆ ಪಂಚೆಯಲ್ಲಿ ನಡುಗುತ್ತ ಮೆಟ್ಟಿಲು ಹತ್ತಿ ಬಂದಿದ್ದ. ಅತ್ತೆಯ ಕೈಯಲ್ಲಿ ಒಂದು ಬಟ್ಟೆಯ ಚೀಲ. ಒಳಗೆ ಮಾವನ ಎರಡು ಅಂಗಿ, ಒಂದು ಪಂಚೆ. ತರಬೇಕೆಂದು ಯಾರೋ ಹೇಳಿದ್ದರು, ತಂದಿದ್ದರು. ಅದನ್ನೂ ನೀರಿಗೆ ಬಿಡಿ ಎಂದಾಗ ಮಾತ್ರ ಅವರು ಕೈ ಮುಂದೆ ಚಾಚಲಿಲ್ಲ. ಅಳು ಬಂತು. ಪುರೋಹಿತರು ಮೃದುವಾಗಿಯೇ ಹೇಳಿದರು: "ಅಳಬಾರದು ತಾಯಿ. ಹಳೆಯ ಬಟ್ಟೆ ಬಿಟ್ಟು ಹೊಸದನ್ನು ಉಟ್ಟ ಹಾಗೆ, ಅಷ್ಟೇ. ಭಗವಂತನೇ ಹೇಳಿದ್ದಾನೆ." ಆಮೇಲೆ 'ವಾಸಾಂಸಿ ಜೀರ್ಣಾನಿ ಯಥಾ ವಿಹಾಯ' ಎಂದು ಪೂರ್ತಿ ಶ್ಲೋಕವನ್ನೇ ಹೇಳಿದರು.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇರಬಹುದು ಶಾಸ್ತ್ರಿಗಳೇ. ಆದರೆ ನನ್ನ ಬಳಕೆ ಇದ್ದದ್ದು ಬಟ್ಟೆಯ ಜೊತೆಗೇ. ಒಳಗಿದ್ದವರನ್ನು ನಾನು ಯಾವತ್ತೂ ನೋಡಲಿಲ್ಲ" ಎಂದರು.

ಪುರೋಹಿತರ ಬಗ್ಗೆ ನನಗೆ ಬೇಸರವಿಲ್ಲ. ಚಿಕ್ಕ ವಯಸ್ಸಿನವರು, ದಕ್ಷಿಣೆಗೆ ಚೌಕಾಸಿ ಮಾಡಿದವರಲ್ಲ. ಅತ್ತೆಯ ಮಾತು ಕೇಳಿ ಒಂದು ಗಳಿಗೆ ಸುಮ್ಮನಿದ್ದು, "ಸರಿ ತಾಯಿ, ಬಟ್ಟೆ ನಿಮ್ಮ ಹತ್ತಿರವೇ ಇರಲಿ" ಎಂದು ಮುಂದಿನ ಕೆಲಸಕ್ಕೆ ತಿರುಗಿದರು. ಅಷ್ಟು ವಿವೇಕ ಎಲ್ಲರಿಗೂ ಇರುವುದಿಲ್ಲ. ಮಾವನ ತಮ್ಮನಿಗಂತೂ ಇರಲಿಲ್ಲ. ಅವರು ನಿವೃತ್ತರು, ಬೆಳಗಿನ ನಡಿಗೆಯ ನಂತರ ಉದ್ಯಾನದ ಕಲ್ಲು ಬೆಂಚಿನ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಗೀತೆ ಹೇಳುವವರು. "ಅತ್ತಿಗೆ, ಅದು ಹಾಗಲ್ಲ. ನೀವು ದೇಹವನ್ನೇ ಅಣ್ಣ ಎಂದುಕೊಂಡಿದ್ದೀರಿ" ಎಂದು ಶುರು ಮಾಡಿದರು. ನದಿಯ ದಡದಲ್ಲಿ, ಬಿಸಿಲಿನಲ್ಲಿ ನಿಂತು, ಆತ್ಮವನ್ನು ಶಸ್ತ್ರ ಕಡಿಯದು, ಬೆಂಕಿ ಸುಡದು, ನೀರು ನೆನೆಸದು ಎಂದೆಲ್ಲ ವಿವರಿಸಿದರು. ಇದೇ ಮನುಷ್ಯ ತಿಂಡಿ ಅರ್ಧ ಗಂಟೆ ತಡವಾದರೆ ರಕ್ತದೊತ್ತಡದ ಮಾತ್ರೆಯ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಡುತ್ತಾರೆ.

ಅತ್ತೆ ಯಾವ ಬಟ್ಟೆಯ ಮಾತನ್ನಾಡಿದರು ಎಂಬುದು ಅವರ ಮನೆಗೆ ಹೋಗಿಬರುತ್ತಿದ್ದವರಿಗೆ ಗೊತ್ತು. ಪಾರ್ಶ್ವವಾಯು ಬಡಿದ ಮೇಲೆ ಮಾವನ ಎಡಗೈಗೆ ಸ್ವಾಧೀನವಿರಲಿಲ್ಲ. ಅಂಗಿ ತೊಡಿಸುವಾಗ ಮೊದಲು ಆ ಕೈಯನ್ನೇ ತೋಳಿಗೆ ತೂರಿಸಬೇಕು, ಬೆರಳುಗಳು ಒಳಗೆ ಮಡಚಿಕೊಳ್ಳದಂತೆ ಮುಷ್ಟಿಯನ್ನು ತಮ್ಮ ಅಂಗೈಯಲ್ಲಿ ಹಿಡಿದು ಎಳೆದುಕೊಳ್ಳಬೇಕು, ಆಮೇಲೆ ಬೆನ್ನ ಹಿಂದಿನಿಂದ ತಂದು ಬಲಗೈ. ಬಿಚ್ಚುವಾಗ ಬಲಗೈ ಮೊದಲು. ಅತ್ತೆ ಇದನ್ನು ಮಾಡುವುದನ್ನು ಎಷ್ಟೋ ಸಲ ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಮಾವನಿಗೆ ಕೋಪ ಬಂದರೆ ಬಲಗೈ ಕೊಡದೆ ಸತಾಯಿಸುತ್ತಿದ್ದರು. ಆಗ ಇವರು ಅರ್ಧ ತೊಡಿಸಿದ ಅಂಗಿಯನ್ನು ಹಾಗೆಯೇ ಬಿಟ್ಟು ಅಡುಗೆಮನೆಗೆ ಹೋಗಿ ಒಲೆಯ ಉರಿ ಸಣ್ಣ ಮಾಡಿ ಬರುವರು. ಬರುವಷ್ಟರಲ್ಲಿ ಕೈ ತಾನಾಗಿ ಮುಂದೆ ಬಂದಿರುತ್ತಿತ್ತು.

ಗೀತೆಯ ಎರಡನೆಯ ಅಧ್ಯಾಯದ ಆ 22ನೆಯ ಶ್ಲೋಕದಲ್ಲಿ ಮನುಷ್ಯ ತಾನೇ ಬಿಚ್ಚುತ್ತಾನೆ, ತಾನೇ ಹೊಸದನ್ನು ಎತ್ತಿಕೊಳ್ಳುತ್ತಾನೆ. ತೊಡಿಸುವವರು, ಒಗೆಯುವವರು, ಗುಂಡಿ ಹೊಲಿಯುವವರು ಅಲ್ಲಿಲ್ಲ. ಇರಬೇಕಾಗಿಯೂ ಇಲ್ಲ ಎನ್ನಿ. ಅದು ಹೋಗುವವನ ಕಡೆಯಿಂದ ನೋಡಿದ ನೋಟ. ಉಳಿದವರ ಕೈಗೆ ಅದನ್ನೇ ಸಮಾಧಾನವೆಂದು ಕೊಡುವಾಗ ತೊಡಕು.

ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗಿ ಹರಿಯುತ್ತಾಳೆಂದೇ ಆ ಜಾಗಕ್ಕೆ ಆ ಮಹಿಮೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು ಬಿಟ್ಟದ್ದೂ ಅಲ್ಲೇ. ಮೊನ್ನೆ ಮೆಟ್ಟಿಲ ಬದಿಯಲ್ಲಿ ನಾನು ಕಂಡದ್ದು ಬಟ್ಟೆ. ನೀರಿನಲ್ಲಿ ಉಬ್ಬಿದ ಪಂಚೆಗಳು, ಕಲ್ಲಿಗೆ ಸಿಕ್ಕಿಕೊಂಡ ಸೀರೆ, ಕೆಸರಿನಲ್ಲಿ ಅರ್ಧ ಹೂತ ಒಂದು ಮಗುವಿನ ಸ್ವೆಟರ್. ಜೀರ್ಣವಾದದ್ದು ಎಂದು ಶ್ಲೋಕ ಹೇಳುತ್ತದೆ, ಆ ಸ್ವೆಟರ್ ಜೀರ್ಣವಾಗಿರಲಿಲ್ಲ.

ಮನೆಗೆ ಬಂದು ಗೀತೆಯನ್ನೇ ತೆಗೆದು ಕುಳಿತೆ. ಮಾವನ ತಮ್ಮನ ಮೇಲಿನ ಸಿಟ್ಟೂ ಅದಕ್ಕೆ ಕಾರಣ, ಮುಚ್ಚಿಡುವುದೇಕೆ. ಹದಿನೆಂಟನೆಯ ಅಧ್ಯಾಯದ 67ನೆಯ ಶ್ಲೋಕಕ್ಕೆ ಕಣ್ಣು ನಿಂತಿತು. ತಪಸ್ಸಿಲ್ಲದವನಿಗೆ, ಭಕ್ತಿಯಿಲ್ಲದವನಿಗೆ, ಕೇಳುವ ಬಯಕೆಯಿಲ್ಲದವನಿಗೆ ಇದನ್ನು ಹೇಳಬೇಡ ಎಂದು ಕೃಷ್ಣನೇ ಅಪ್ಪಣೆ ಕೊಡುತ್ತಾನೆ. ಅರ್ಜುನ 'ನಾನು ನಿನ್ನ ಶಿಷ್ಯ, ನನಗೆ ಕಲಿಸು' ಎಂದು ಬೇಡಿಕೊಂಡ ಮೇಲೆಯೇ ಆತ್ಮದ ಮಾತು ಆರಂಭವಾಗುವುದು. ಕಠೋಪನಿಷತ್ತಿನಲ್ಲಿ ಯಮ ಇನ್ನೂ ಬಿಗಿ. ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಆನೆ, ಕುದುರೆ, ಚಿನ್ನ, ಏನು ಬೇಕಾದರೂ ಕೇಳು, ಸಾವಿನ ಆಚೆಯದ್ದನ್ನು ಮಾತ್ರ ಕೇಳಬೇಡ ಎಂದು ನಚಿಕೇತನನ್ನು ಪುಸಲಾಯಿಸುತ್ತಾನೆ. ಹುಡುಗ ಬಗ್ಗದಿದ್ದಾಗ ಮಾತ್ರ ಬಾಯಿ ಬಿಡುತ್ತಾನೆ. ಯಮನೇ ಅಷ್ಟು ಹಿಂಜರಿದ ವಿಷಯವನ್ನು ನಾವು ಸಾವಿನ ಮನೆಯ ಹೊಸ್ತಿಲು ದಾಟುವ ಮೊದಲೇ ಹೇಳಿ ಮುಗಿಸುತ್ತೇವೆ.

ಕೇಳಿದವನಿಗೆ ಅದು ಎಷ್ಟು ದಕ್ಕಿತು ಎಂಬುದೂ ಮಹಾಭಾರತದಲ್ಲೇ ಇದೆ. ಗೀತೆ ಯುದ್ಧ ಶುರುವಾಗುವ ಮುನ್ನ. ಹದಿಮೂರನೆಯ ದಿನ ಅಭಿಮನ್ಯು ಸತ್ತಾಗ, ಆತ್ಮ ಸಾಯುವುದಿಲ್ಲ ಎಂದು ಸಾಕ್ಷಾತ್ ಕೃಷ್ಣನ ಬಾಯಿಂದ ಕೇಳಿದ್ದ ಅದೇ ಅರ್ಜುನ ಗೋಳಾಡಿದ. ನಾಳೆ ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಬೆಂಕಿಗೆ ಬೀಳುತ್ತೇನೆಂದು ಆಣೆಯಿಟ್ಟ. ಯುದ್ಧವೆಲ್ಲ ಮುಗಿದ ಮೇಲೆ, ಆಶ್ವಮೇಧಿಕ ಪರ್ವದಲ್ಲಿ, ನೀನು ಅಂದು ಹೇಳಿದ್ದು ಮರೆತುಹೋಗಿದೆ, ಇನ್ನೊಮ್ಮೆ ಹೇಳು ಎಂದು ಕೇಳುತ್ತಾನೆ. ಕೃಷ್ಣನಿಗೆ ಬೇಸರವಾಗುತ್ತದೆ. ಅಂದು ಯೋಗದಲ್ಲಿದ್ದು ಹೇಳಿದ್ದೆ, ಅದನ್ನೇ ಪೂರ್ತಿಯಾಗಿ ಮತ್ತೆ ಹೇಳಲು ಆಗದು ಎನ್ನುತ್ತಾನೆ. ಹೇಳಿದವನಿಗೇ ಎರಡನೆಯ ಸಲ ಸಾಧ್ಯವಾಗದ್ದು ಉದ್ಯಾನದ ಬೆಂಚಿನ ಮೇಲೆ ದಿನಾ ಸಾಧ್ಯವಾಗುತ್ತಿದೆ.

ಇದರಿಂದ ಆತ್ಮದ ವಿಚಾರ ಪೊಳ್ಳು ಎಂದು ನಾನು ಹೇಳುತ್ತಿಲ್ಲ. ನಾನೂ ಅದನ್ನು ನಂಬಿ ಬೆಳೆದವನೇ. ಆದರೆ ಅತ್ತೆಯ ಮಾತು ಕೇಳಿದಾಗಿನಿಂದ ನನಗೆ ಕಾತ್ಯಾಯಿನಿ ನೆನಪಾಗುತ್ತಿದ್ದಾಳೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಋಷಿ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವಾಗ ಇಬ್ಬರು ಹೆಂಡತಿಯರಿಗೂ ಆಸ್ತಿ ಹಂಚಲು ನೋಡುತ್ತಾನೆ. ಮೈತ್ರೇಯಿ, ಅಮೃತತ್ವ ಕೊಡದ ಹಣ ನನಗೇಕೆ ಎನ್ನುತ್ತಾಳೆ. ಗಂಡ ಪ್ರಿಯನಾಗುವುದು ಗಂಡನಿಗಾಗಿ ಅಲ್ಲ, ಆತ್ಮಕ್ಕಾಗಿ ಎಂಬ ಪ್ರಸಿದ್ಧ ಉಪದೇಶ ಅವಳಿಗೆ ಸಿಗುತ್ತದೆ. ಸತ್ತ ಮೇಲೆ ಅರಿವಿರದು ಎಂದು ಅವನು ಹೇಳಿದಾಗ, ನನ್ನನ್ನು ಗೊಂದಲಕ್ಕೆ ಕೆಡವಿದಿರಿ ಎಂದು ಅವಳು ತಡೆಯುತ್ತಾಳೆ. ಕಾತ್ಯಾಯಿನಿಗೆ ಒಂದು ಮಾತೂ ಇಲ್ಲ. ಹೆಂಗಸರಿಗೆ ಇರುವಷ್ಟೇ ತಿಳಿವಳಿಕೆ ಅವಳದು ಎಂದು ಒಂದೇ ಸಾಲಿನಲ್ಲಿ ಅವಳನ್ನು ಮುಗಿಸಿದ್ದಾರೆ. ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು, ಬಂದ ಶಿಷ್ಯರಿಗೆ ಬಡಿಸುತ್ತಿದ್ದವಳು ಅವಳೇ ಇರಬೇಕು. ಗಂಡ ಹೊರಟುಹೋದ ಮೇಲೆ ಯಾರಾದರೂ ಅವಳನ್ನು ಮಾತನಾಡಿಸಿದ್ದರೆ, ಪಶ್ಚಿಮವಾಹಿನಿಯಲ್ಲಿ ಕೇಳಿದ ಮಾತನ್ನೇ ಅವಳೂ ಹೇಳುತ್ತಿದ್ದಳೇನೋ.

ಅಂದು ಕಾರಿನಲ್ಲಿ ಹಿಂದಿರುಗುವಾಗ ಅತ್ತೆ ನನ್ನನ್ನು ಒಂದು ಪ್ರಶ್ನೆ ಕೇಳಿದರು: "ಹೋಗಲಿ, ಆತ್ಮ ಇದೆ ಎಂದೇ ಇಟ್ಟುಕೊಳ್ಳೋಣ. ಅದು ಇವರೇ ಆಗಿರುತ್ತದೆಯೋ, ಬೇರೆ ಇನ್ನೇನೋ ಆಗಿರುತ್ತದೆಯೋ?" ಮಗ ಕಿಟಕಿಯಾಚೆ ನೋಡಿದ. ಮಾವನ ತಮ್ಮ ಪುಣ್ಯಕ್ಕೆ ಇನ್ನೊಂದು ಕಾರಿನಲ್ಲಿದ್ದರು.

ಉತ್ತರ ಯಾವ ಆಚಾರ್ಯರನ್ನು ಕೇಳುತ್ತೀರಿ ಎಂಬುದರ ಮೇಲೆ ನಿಂತಿದೆ. ನಾನಾಗಲೀ ನೀನಾಗಲೀ ಈ ಅರಸರಾಗಲೀ ಹಿಂದೆ ಇಲ್ಲದಿದ್ದದ್ದೇ ಇಲ್ಲ ಎಂದು ಕೃಷ್ಣ ಹೇಳುವಾಗ ಬಳಸುವ ಬಹುವಚನ ದೇಹಗಳ ಲೆಕ್ಕಕ್ಕೆ ಮಾತ್ರ, ಆತ್ಮ ಒಂದೇ ಎಂದರು ಶಂಕರರು. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಒಪ್ಪಲಿಲ್ಲ. ಆತ್ಮಗಳು ನಿಜಕ್ಕೂ ಅನೇಕ ಎಂದರು. ಉಡುಪಿಯ ಮಧ್ವರು ಇನ್ನೂ ಗಟ್ಟಿಯಾಗಿ, ಒಂದು ಜೀವ ಮೋಕ್ಷದಲ್ಲೂ ಇನ್ನೊಂದರೊಡನೆ ಕರಗಿ ಒಂದಾಗುವುದಿಲ್ಲ ಎಂದರು. ಅತ್ತೆಯ ಮನೆತನ ಶಂಕರರನ್ನು ನಂಬಿದ್ದು. ನಾನು ಮಠ ಬದಲಾಯಿಸಿ ಹೇಳಿದೆ: "ಅವರೇ ಆಗಿರುತ್ತಾರಂತೆ ಅತ್ತೆ, ಮಧ್ವರು ಹಾಗೆ ಹೇಳಿದ್ದಾರೆ." ಅತ್ತೆ ಸ್ವಲ್ಪ ಯೋಚಿಸಿ, "ಆ ಕೋಪವೂ ಇರುತ್ತದೆಯೋ?" ಎಂದರು. ಮಗ ನಕ್ಕುಬಿಟ್ಟ. ಊರಿಗೆ ಬಂದಾಗಿನಿಂದ ಅವನು ನಕ್ಕದ್ದು ಆಗಲೇ.

ಭಾನುವಾರ ವೈಕುಂಠ ಸಮಾರಾಧನೆ. ಮಾವನಿಗೆ ಇಷ್ಟವೆಂದು ಹಯಗ್ರೀವ ಮಾಡಿಸುತ್ತಿದ್ದಾರೆ. ಆ ಎರಡು ಅಂಗಿಗಳನ್ನು ಒಗೆದು ಇಸ್ತ್ರಿ ಮಾಡಿಸಿ, ಮಾವನನ್ನು ಎತ್ತಿ ಕೂರಿಸಲು ಬರುತ್ತಿದ್ದ ಹುಡುಗನಿಗೆ ಕೊಟ್ಟಾಗಿದೆ. ಮಾವನ ತಮ್ಮ ಆ ದಿನ ದೇಹ ಮತ್ತು ಆತ್ಮದ ಬಗ್ಗೆ ಹದಿನೈದು ನಿಮಿಷ ಮಾತನಾಡುತ್ತೇನೆಂದು ಹೇಳಿಕಳುಹಿಸಿದ್ದರು. ಅತ್ತೆ ಬೇಡವೆನ್ನಲಿಲ್ಲ. "ಊಟ ಆದ ಮೇಲೆ ಮಾತಾಡಲಿ. ಎಲೆಯ ಮೇಲೆ ಅನ್ನ ಆರಬಾರದು. ಅವರ ಮಾತ್ರೆಗೂ ಹೊತ್ತಾಗುತ್ತದೆ" ಎಂದರು.