ಎಂಟು ಸ್ಪೀಕರ್ ಕೂಗಿದವು, ಆದರೆ ಎಲ್ಲಿಂದ?

ಎಂಟು ಸ್ಪೀಕರ್‌ಗೆ ಒಂದೊಂದರಂತೆ ಎಂಟು ಚಾನೆಲ್‌ನ ಎಲೆಕ್ಟ್ರಾನಿಕ್ ಸಂಗೀತದ ಫೈಲ್ ಕೈಗೆ ಬಂದ ತಕ್ಷಣ ಕೇಳಬೇಕಾದ ಪ್ರಶ್ನೆ ಒಂದೇ: ಇದು ಜೋಡಿ ಕ್ರಮವೋ, ಸುತ್ತು ಕ್ರಮವೋ? ಬೆಂಗಳೂರಿನ ಒಂದು ಹಾಲ್‌ನಲ್ಲಿ ಅದನ್ನು ಸೌಂಡ್ ನೋಡಿಕೊಳ್ಳುವ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ನಮ್ಮ ಪ್ಯಾಚ್, ಅಂದರೆ ಯಾವ ಚಾನೆಲ್ ಯಾವ ಸ್ಪೀಕರ್‌ಗೆ ಎಂಬ ಜೋಡಣೆ, ಜೋಡಿ ಕ್ರಮದಲ್ಲಿತ್ತು. 1-2 ಮುಂದೆ, 3-4 ಅದರ ಹಿಂದಿನ ಎಡ-ಬಲ, ಕೊನೆಗೆ 7-8 ಹಿಂದಿನ ಗೋಡೆಗೆ. ಸಂಯೋಜಕರ ಫೈಲ್ ಮುಂದಿನ ಎಡದಿಂದ ಹೊರಟು ಪ್ರದಕ್ಷಿಣೆ ಬರುವ ಕ್ರಮದಲ್ಲಿತ್ತು. ಮೊದಲೆರಡು ನಂಬರ್ ಎರಡರಲ್ಲೂ ಒಂದೇ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಪಿಂಕ್ ನಾಯ್ಸ್‌ಗೆ (ಸ್ಪೀಕರ್ ಪರೀಕ್ಷೆಗೆ ಹಾಕುವ ಭೋರೆನ್ನುವ ಸದ್ದು) ಎಂಟೂ ಸ್ಪೀಕರ್ ಕೂಗಿದವು. ಪ್ರತಿ ಸ್ಪೀಕರ್‌ಗೂ ಸದ್ದು ಬಂತೇ ಎಂದು ಗುರುತು ಹಾಕುವ ಲೈನ್ ಚೆಕ್ ಶೀಟ್ ಪೂರ್ತಿ ಟಿಕ್.

ಜನ ಬಾಗಿಲ ಹೊರಗೆ ಸೇರಿದ್ದರು. ಸಂಯೋಜಕರು ಕೃತಿಯ ಒಂದು ಭಾಗ ಹಾಕಿಸಿದರು. ಹಾಲ್ ಸುತ್ತ ನಿಧಾನವಾಗಿ ತಿರುಗಬೇಕಿದ್ದ ಸದ್ದು ಎಡ, ಬಲ, ಎಡ, ಬಲ ಎಂದು ನೆಗೆಯುತ್ತಾ ಹಿಂದಕ್ಕೆ ಹೋಯಿತು. ಅವರು ಎದ್ದು ನಿಂತರು, ಏನೂ ಮಾತಾಡಲಿಲ್ಲ. ಆ ಮೌನ ನನಗೆ ಬೈಗುಳಕ್ಕಿಂತ ಜಾಸ್ತಿ ಭಾರವಾಗಿತ್ತು. ಮ್ಯಾನೇಜರ್ ವಾಕಿಯಲ್ಲಿ "ಬಾಗಿಲು ತೆಗೀಲಾ?" ಅಂತ ಕೇಳುತ್ತಲೇ ಇದ್ದರು. ನಾನು ಶೀಟ್ ಹಿಂದೆ ಪೆನ್ನಿನಲ್ಲಿ ಬರೆದೆ: ಫೈಲ್‌ನ 3 ಹೋಗಿ ನಮ್ಮ ಸ್ಪೀಕರ್ 4ಕ್ಕೆ, 4 ಹೋಗಿ 6ಕ್ಕೆ, 5 ಹೋಗಿ 8ಕ್ಕೆ, 6 ಹೋಗಿ 7ಕ್ಕೆ, 7 ಹೋಗಿ 5ಕ್ಕೆ, 8 ಹೋಗಿ 3ಕ್ಕೆ. ಒಂದೊಂದನ್ನೂ ಜೋರಾಗಿ ಓದಿದೆ, ಜೊತೆಗಾರ ರೌಟಿಂಗ್ ಬದಲಿಸಿದ. ಮತ್ತೆ ಹಾಕಿದಾಗ ಸದ್ದು ನನ್ನ ಬಲ ಕಿವಿಯ ಪಕ್ಕದಿಂದ ಹಾದು ಬೆನ್ನ ಹಿಂದೆ ಹೋಯಿತು. ಮೈ ಜುಮ್ಮೆಂದಿತು.

ಈ ಸಂಗೀತದಲ್ಲಿ ದಿಕ್ಕು ಅಲಂಕಾರವಲ್ಲ, ಅದು ರಾಗದಷ್ಟೇ ಮುಖ್ಯ. 1950ರ ದಶಕದ ಕೊನೆಯಲ್ಲಿ ಕೊಲೋನ್‌ನ ರೇಡಿಯೋ ಸ್ಟುಡಿಯೋದಲ್ಲಿ ಜರ್ಮನ್ ಸಂಯೋಜಕ ಸ್ಟಾಕ್‌ಹೌಸೆನ್ ತಿರುಗುವ ಮೇಜಿನ ಮೇಲೆ ಸ್ಪೀಕರ್ ಇಟ್ಟು, ಸುತ್ತ ನಾಲ್ಕು ಮೈಕ್ ನಿಲ್ಲಿಸಿ, ಕೈಯಿಂದ ತಿರುಗಿಸಿ ರೆಕಾರ್ಡ್ ಮಾಡಿದ್ದರು. ಒಂದು ಸುತ್ತಿಗಾಗಿ ಅಷ್ಟು ಪಾಡು. ನಾವು ಪ್ಯಾಚ್‌ನಲ್ಲಿ ಅದನ್ನು ಕೆಡಿಸಿದರೆ ಹೇಗೆ?

ಇನ್ನೊಂದು ವಿಷಯಕ್ಕೆ ಅವತ್ತು ಪರಿಹಾರವೇ ಇರಲಿಲ್ಲ. ಟಿಕೆಟ್ ಹೆಚ್ಚು ಮಾರಬೇಕೆಂದು ಕುರ್ಚಿಗಳನ್ನು ಸ್ಪೀಕರ್ ಬುಡದವರೆಗೂ ಹಾಕಿದ್ದರು. ಸದ್ದಿಗೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಎಡ ಸ್ಪೀಕರ್‌ಗೆ 2 ಮೀಟರ್, ಬಲದ್ದಕ್ಕೆ 14 ಮೀಟರ್ ದೂರ ಕೂತವರಿಗೆ ಎಡದ್ದು 35 ಮಿಲಿಸೆಕೆಂಡ್ ಮೊದಲೇ ತಲುಪುತ್ತದೆ. ಮೊದಲು ಬಂದ ಕಡೆಯೇ ಸದ್ದಿನ ದಿಕ್ಕು ಎಂದು ಕಿವಿ ತೀರ್ಮಾನಿಸಿಬಿಡುತ್ತದೆ. ಎರಡು ಸ್ಪೀಕರ್ ನಡುವೆ ತೇಲಬೇಕಾದ ಸದ್ದು ಅವರ ಪಾಲಿಗೆ ಪಕ್ಕದ ಡಬ್ಬಕ್ಕೆ ಅಂಟಿಕೊಳ್ಳುತ್ತದೆ. ಅವರೂ ಅದೇ ದುಡ್ಡು ಕೊಟ್ಟಿದ್ದಾರೆ, ಅಲ್ವಾ?

ಪ್ಯಾರಿಸ್‌ನಲ್ಲಿ 1974ರಿಂದ ನಡೆದು ಬಂದಿರುವ ಅಕೌಸ್ಮೋನಿಯಂ ಎಂಬ ಸ್ಪೀಕರ್‌ಗಳ ವಾದ್ಯವೃಂದದಲ್ಲಿ ಬೇರೆ ಬೇರೆ ಗಾತ್ರದ ಹತ್ತಾರು ಸ್ಪೀಕರ್‌ಗಳಿಗೆ ಒಬ್ಬರು ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ಹಿಡಿದು ಕೃತಿಯನ್ನು ಹಾಲ್‌ಗೆ ತಕ್ಕಂತೆ ಹಂಚುತ್ತಾರೆ. ನಮ್ಮಲ್ಲಿ ಸೌಂಡ್‌ನವನು ಅಂದರೆ ಸುಮ್ನೆ ವಾಲ್ಯೂಮ್ ನೋಡಿಕೊಳ್ಳುವವನು. ಹಾಲ್ ಸೀಟಿಂಗ್ ಪ್ಲ್ಯಾನ್ ನಮಗೆ ತೋರಿಸುವುದೇ ಇಲ್ಲ.

ಈಗ ನಾನು ಚೆಕ್‌ಗೆ ಪಿಂಕ್ ನಾಯ್ಸ್ ಜೊತೆ ನಂಬರ್ ಹೇಳುವ ಧ್ವನಿಯನ್ನೂ ಹಾಕುತ್ತೇನೆ, ಮೂಲೆಯ ಕುರ್ಚಿಗಳಲ್ಲಿ ಕೂತು ಕೇಳುತ್ತೇನೆ. ಟಿಕೆಟ್ ಮಾರುವ ಮೊದಲೇ ಸೀಟಿಂಗ್ ಪ್ಲ್ಯಾನ್ ಕೇಳುತ್ತೇನೆ. ಸ್ಪೀಕರ್ ಪಕ್ಕದ ಸಾಲು ತೆಗೆಯಿರಿ ಅಂದರೆ ಆಯೋಜಕರ ಜೊತೆ ಪ್ರತಿ ಸಲ ಜಗಳ.