ಮೂರು ರಾತ್ರಿ ಖಾಲಿ, ನಾಲ್ಕನೆಯದು ಹಸಿರು

ಕೊನೆಗೂ ಬಿತ್ತು! ಬೆಳಿಗ್ಗೆ ಬಟ್ಟಲು ಎತ್ತಿ ನೋಡಿದರೆ ಗಾಜಿನ ಸ್ಲೈಡ್ ಮೇಲೆ ಗೆರೆಗೆರೆಯಾಗಿ ಅಣಬೆಯ ಸ್ಪೋರ್ ಪ್ರಿಂಟ್, ಅಂದರೆ ಟೋಪಿಯಿಂದ ಉದುರಿದ ಬೀಜಕಣಗಳ (ಸ್ಪೋರ್) ಪುಡಿಯ ಅಚ್ಚು, ಮೂಡಿತ್ತು. ಬಣ್ಣ ಹಸಿರು. ಬೂದು ಬೆರೆತ, ಮಂಕಾದ ಹಸಿರು. ಖುಷಿಯಲ್ಲಿ ಕಾಫಿ ಮರೆತೇ ಹೋಯಿತು.

ಅಣಬೆ ಸಿಕ್ಕಿದ್ದು ಮಳೆ ನಿಂತ ಮೂರನೇ ದಿನ, ಹುಲ್ಲುಹಾಸಿನಲ್ಲಿ. ಅಂಗೈಗಿಂತ ಅಗಲವಾದ ಬಿಳಿ ಟೋಪಿ, ಅದರ ಮೇಲೆ ಕಂದು ಚಕ್ಕೆ, ದಂಟಿನಲ್ಲಿ ಮೇಲೆ ಕೆಳಗೆ ಜಾರುವ ಉಂಗುರ, ಟೋಪಿಯ ಅಡಿಯಲ್ಲಿ ಹಾಳೆಗಳಂಥ ಬಿಳಿ ಗಿಲ್. ಬುಡ ಸಮೇತ ಅಗೆದೆ, ದಂಟಿನ ಬುಡವನ್ನು ಸುತ್ತುವ ಚೀಲದಂಥ ಪೊರೆ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಉಳಿದದ್ದು ಎರಡು: ತಿನ್ನುವ ಪ್ಯಾರಾಸೋಲ್, ಅಂದರೆ ಮ್ಯಾಕ್ರೋಲೆಪಿಯೋಟಾ, ಇಲ್ಲವೇ ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ತರಿಸುವ ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ಎಳೆಯದಾಗಿದ್ದಾಗ ಎರಡರ ಗಿಲ್ಲೂ ಬಿಳಿ. ಪ್ಯಾರಾಸೋಲ್‌ಗೆ ಇರುವ ಹಾವಿನ ಚರ್ಮದಂಥ ಪಟ್ಟೆ ದಂಟಿನ ಮೇಲೆ ಕಾಣಲಿಲ್ಲ, ನಿಜ. ಆದರೆ ಅದೊಂದನ್ನೇ ನಂಬಿ ಹೆಸರು ಬರೆಯಲು ಮನಸ್ಸು ಒಪ್ಪಲಿಲ್ಲ. ಪ್ರಿಂಟ್ ಬೇಕೇ ಬೇಕಿತ್ತು: ಬಿಳಿ ಅಥವಾ ಕೆನೆ ಬಂದರೆ ಪ್ಯಾರಾಸೋಲ್, ಹಸಿರು ಬಂದರೆ ಮಾಲಿಬ್ಡೈಟಿಸ್.

ಮೊದಲ ರಾತ್ರಿ ಇಟ್ಟದ್ದು ಇನ್ನೂ ಸರಿಯಾಗಿ ಬಿಚ್ಚದ ಟೋಪಿ. ಏನೂ ಬೀಳಲಿಲ್ಲ. ಸ್ಪೋರ್ ಬಲಿಯದೆ ಬೀಳುವುದಾದರೂ ಹೇಗೆ, ಅಲ್ವಾ? ಎರಡನೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಫ್ರಿಜ್‌ಗೆ ಹಾಕಿ ಮರುದಿನ ತೆಗೆದೆ. ಕಾಗದದ ಮೇಲೆ ಉಳಿದದ್ದು ಬರೀ ಕಂದು ನೀರಿನ ಕಲೆ.

ಮೂರನೆಯದೇ ನಿಜಕ್ಕೂ ಅಪಾಯದ್ದು. ಫ್ಯಾನ್ ಕೆಳಗಿಟ್ಟಿದ್ದರಿಂದ ಅಂಚು ಒಣಗಿ ತೊಗಲಿನಂತಾಯಿತು, ಬಿಳಿ ಕಾಗದದ ಮೇಲೆ ತೆಳ್ಳಗೆ ಏನೋ ಬಿತ್ತು. ಹಳದಿ ಬಲ್ಬಿನಲ್ಲಿ ಅದು ಕೆನೆ ಬಣ್ಣವಾಗಿ ಕಂಡಿತು. ಪುಸ್ತಕದಲ್ಲಿ 'ಕೆನೆ' ಎಂದು ಬರೆದೂ ಬಿಟ್ಟೆ! ಪ್ರಿಂಟ್ ತೆಳ್ಳಗಿದ್ದರೆ ಯಾವ ಬಣ್ಣವೂ ಪೇಲವವಾಗಿಯೇ ಕಾಣುತ್ತದೆ. ಕೆನೆ ಎಂದರೆ ಪ್ಯಾರಾಸೋಲ್, ಪ್ಯಾರಾಸೋಲ್ ಎಂದರೆ ಬಾಣಲೆ. ಆ ಸಾಲನ್ನು ಮರುದಿನ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ.

ಅರ್ಧ ಕಪ್ಪು, ಅರ್ಧ ಬಿಳುಪು ಇರುವ ಕಾರ್ಡ್ ತರಿಸಿದ್ದೆ. ತಡವಾಗಿ ಬಂತು, ಅದೂ ಸಾಲದೆಂದು ಒದ್ದೆ ಗಿಲ್ ತಾಗಿದರೆ ಕಪ್ಪು ಶಾಯಿ ಬಿಡುತ್ತದೆ. ಅದೇ ಪೊಟ್ಟಣದಲ್ಲಿದ್ದ ಕವರ್ ಸ್ಲಿಪ್‌ಗಳಲ್ಲಿ (ಸ್ಲೈಡ್ ಮೇಲೆ ಮುಚ್ಚುವ ತೆಳು ಗಾಜು) ಅರ್ಧ ಪುಡಿ. ಅಣಬೆಯವರಿಗೆ ಸಾಮಾನು ಮಾರುವವರು ಒಮ್ಮೆಯಾದರೂ ಅದನ್ನು ಬಳಸಿ ನೋಡಬಾರದೇ?

ಹೀಗೆ ಕಾರ್ಡ್ ಬಿಟ್ಟು ಗಾಜಿಗೆ ಬಂದೆ. ತಟ್ಟೆಯಂತೆ ಬಿಚ್ಚಿದ, ಆಗಷ್ಟೇ ಕಿತ್ತ ಟೋಪಿ. ದಂಟನ್ನು ಗಿಲ್ ಮಟ್ಟಕ್ಕೆ ಕತ್ತರಿಸಿ, ಎರಡು ಸ್ಲೈಡ್ ಮೇಲೆ ಕವುಚಿ, ನೆತ್ತಿಗೆ ಒಂದು ಹನಿ ನೀರು ಬಿಟ್ಟು, ಬಟ್ಟಲು ಮುಚ್ಚಿದೆ. ಫ್ಯಾನ್ ಇಲ್ಲ. 12 ಗಂಟೆಗಳ ಕಾಲ ಮುಟ್ಟಲೇ ಇಲ್ಲ. ಬೆಳಿಗ್ಗೆ ಬ್ಲೇಡಿನಿಂದ ಪುಡಿಯನ್ನು ಒಂದೆಡೆ ಕೆರೆದು ಗುಡ್ಡೆ ಮಾಡಿ, ಕಿಟಕಿಯ ಬೆಳಕಿನಲ್ಲಿ ಬಿಳಿ ಕಾಗದದ ಮೇಲಿಟ್ಟೆ. ಗುಡ್ಡೆಯಾದಾಗ ಬಣ್ಣದ ಬಗ್ಗೆ ಅನುಮಾನವೇ ಉಳಿಯಲಿಲ್ಲ. ಮೈಕ್ರೋಸ್ಕೋಪಿನಲ್ಲಿ ದಪ್ಪ ಗೋಡೆಯ, ತುದಿಯಲ್ಲಿ ರಂಧ್ರವಿರುವ ಸ್ಪೋರ್‌ಗಳು ಕಂಡವು. ಅಳತೆಗೆ ಸಿಕ್ಕವು 9ರಿಂದ 11 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಉದ್ದ. ಎಲ್ಲವೂ ಮಾಲಿಬ್ಡೈಟಿಸ್‌ಗೆ ಹೊಂದುತ್ತದೆ. ಗ್ರೀಕಿನಲ್ಲಿ ಕ್ಲೋರೋಸ್ ಎಂದರೆ ಹಸಿರು, ಫಿಲ್ಲಾನ್ ಎಂದರೆ ಎಲೆ, ಇಲ್ಲಿ ಗಿಲ್. ಹೆಸರಲ್ಲೇ ಉತ್ತರ ಇತ್ತು!

ಅಂದ ಹಾಗೆ, ಇವು ಬೆಳೆದದ್ದು ಕಮಾನಿನ ಆಕಾರದಲ್ಲಿ. ಮಣ್ಣಿನೊಳಗಿನ ಅಣಬೆ ಎಳೆಗಳ ಬಲೆ ಹೊರಗೆ ಹರಡುತ್ತಾ ಹೋದಂತೆ ಅಂಚಿನಲ್ಲಿ ಅಣಬೆ ಏಳುತ್ತವೆ. ಪ್ರತಿ ಅಣಬೆಯ ಬುಡದಲ್ಲಿ ಒಂದೊಂದು ಗೂಟ ನೆಟ್ಟು, ಮುಂದಿನ ಮಳೆಗೆ ಕಮಾನು ಎಷ್ಟು ಸರಿದಿದೆ ಎಂದು ಅಳೆಯಬೇಕು. ಗೂಟ ಕೆತ್ತಲು ಶುರು ಮಾಡಿಯಾಗಿದೆ.

ಪ್ರಿಂಟಿನ ಹಸಿರು ದಿನ ಕಳೆದಂತೆ ಕಂದಾಗುತ್ತದೆ, ಹಾಗಾಗಿ ಇವತ್ತೇ ಫೋಟೋ ತೆಗೆದು ದಿನಾಂಕ ಬರೆದೆ. ಸಂಜೆಯ ಹೊತ್ತಿಗೆ ಅದೇ ಟೋಪಿಯ ಗಿಲ್‌ಗಳೂ ಹಸಿರಾಗಿವೆ. ಕಮಾನಿನ ತುದಿಯಲ್ಲಿ ಇನ್ನೂ ಎರಡು ಮೊಗ್ಗು ಇವೆ. ಅವು ಬಿಚ್ಚುವವರೆಗೂ ಕೀಳುವುದಿಲ್ಲ.