ಬೆಸ ಸಂಖ್ಯೆ ಎಲ್ಲೈತಿ?

ಪಾದರಸದ ಬಿಪಿ ಉಪಕರಣದಲ್ಲಿ ಗಾಜಿನ ಕೊಳವೆಯ ಪಕ್ಕದ ಗೆರೆಗಳು ಎರಡು ಮಿಲಿಮೀಟರಿಗೆ ಒಂದರಂತೆ ಇರುತ್ತವೆ. 116 ಇದೆ, 118 ಇದೆ, 117 ಇಲ್ಲ. ಇಷ್ಟು ಸಣ್ಣ ಸಂಗತಿ ತಲೆಗೆ ಹೊಳೆಯದೆ ನಮ್ಮ ಮೆಡಿಕಲ್ ಕಾಲೇಜಿನ 1984ರ ಬ್ಯಾಚಿನ ಎಂಟು ಮಂದಿ ಒಂದು ಬೆಳಿಗ್ಗೆ ಗಂಡಸರ ಮೆಡಿಕಲ್ ವಾರ್ಡಿನಲ್ಲಿ ಸಿಕ್ಕಿಬಿದ್ದರು.

ಹಿಂದಿನ ದಿನದ ರೌಂಡ್ಸಿನಲ್ಲಿ ಮೆಡಿಸಿನ್ ಸರ್ ಕೇಸ್ ಶೀಟುಗಳನ್ನು ಒಂದೊಂದಾಗಿ ಮಗುಚಿ ನೋಡಿದ್ದರು. ಎಲ್ಲದರಲ್ಲೂ 120/80. "ಏನಪಾ, ಜಿಲ್ಲಾಕ್ಕೆಲ್ಲ ಒಂದs ಬಿಪಿ ಹಂಚ್ಯಾರೇನು?" ಎಂದು ಕೇಳಿ ಮುಂದೆ ಹೋದರು. ಆ ರಾತ್ರಿ ಹಾಸ್ಟೆಲಿನಲ್ಲಿ ಪರಿಹಾರ ಸಿದ್ಧವಾಯಿತು. ತಾಂಬೋಲಾ ಡಬ್ಬಿಯಿಂದ ಬಿಲ್ಲೆ ಎತ್ತುವುದು, 60ರಿಂದ 90ರೊಳಗಿನದು ಬಂದರೆ ಕೆಳಗಿನ ಅಂಕಿ, ಅದಕ್ಕೆ ನಲವತ್ತು ಚಿಲ್ಲರೆ ಸೇರಿಸಿದರೆ ಮೇಲಿನ ಅಂಕಿ. 117/73, 123/81, 109/67. ಓದಲು ಎಷ್ಟು ಸಹಜ! ತೋಳಿಗೆ ಸುತ್ತುವ ಕಫ್ ಮುಟ್ಟುವ ಕೆಲಸವಿಲ್ಲ, ಮ್ಯಾಟಿನಿಗೂ ಹೊತ್ತು ಉಳಿಯುತ್ತದೆ.

ಸರ್ ಶೀಟು ನೋಡಿದರು, ಬೈಯಲಿಲ್ಲ. ಸಿಸ್ಟರಿಗೆ ಹೇಳಿ ಬಿಪಿ ಪೆಟ್ಟಿಗೆ ತರಿಸಿ, ಮುಚ್ಚಳ ತೆಗೆದು ನಿಲ್ಲಿಸಿ, ಮುಂದೆ ನಿಂತವನ ಕಡೆ ತಿರುಗಿದರು. "ಈ ಕಂಬದಾಗ ನೂರಾ ಹದಿನೇಳು ಎಲ್ಲೈತಿ? ಬೆಸ ಸಂಖ್ಯೆ ಎಲ್ಲೈತಿ? ತೋರಸು ನೋಡೋಣ."

ಶಿಕ್ಷೆಯೂ ಅವರ ರೀತಿಯದೇ. ವಾರ್ಡಿನ ಮೂವತ್ತು ಹಾಸಿಗೆಗೂ ಎರಡೂ ತೋಳಿನ ಬಿಪಿ. ಮೊದಲು ಮಲಗಿಸಿ, ಆಮೇಲೆ ನಿಲ್ಲಿಸಿ ಒಂದನೇ ನಿಮಿಷಕ್ಕೆ, ಮತ್ತೆ ಮೂರನೇ ನಿಮಿಷಕ್ಕೆ. ಮೂರು ದಿನ ಹಿಡಿಯಿತು. ಮೂರನೇ ದಿನ ಮೂಲೆಯ ಹಾಸಿಗೆಯ ಸಕ್ಕರೆ ಕಾಯಿಲೆಯ ಅಜ್ಜನನ್ನು ನಿಲ್ಲಿಸಿದಾಗ ಮೇಲಿನ ಅಂಕಿ 28 ಇಳಿಯಿತು. ನಿಂತಾಗ 20 ಇಳಿದರೇ ಕಾಯಿಲೆಯ ಲೆಕ್ಕ. ತಲೆಸುತ್ತು ಎಂದು ಆ ಅಜ್ಜನನ್ನು ಅದುವರೆಗೆ ಕಿವಿ ವಿಭಾಗಕ್ಕೆ ಎರಡು ಸಲ ಓಡಾಡಿಸಲಾಗಿತ್ತು. ಸರ್ ಆ ಅಂಕಿಯನ್ನು ತಮ್ಮ ಕೈಯಿಂದಲೇ ಕೇಸ್ ಶೀಟಿಗೆ ಬರೆದು, ಪಕ್ಕದಲ್ಲಿ ಅಳೆದ ಹುಡುಗನ ಹೆಸರನ್ನೂ ಬರೆದರು.

ಕಳೆದ ಮಳೆಗಾಲದಲ್ಲಿ ಸರ್ ತೀರಿಕೊಂಡರು. ಕಾಲೇಜಿನ ಸಂಚಿಕೆಗೆ ಅವರ ಬಗ್ಗೆ ಬರೆಯಬೇಕೆಂದು ಕೇಳಿದಾಗ ಪಠ್ಯ ಯಾವುದೂ ನೆನಪಾಗಲಿಲ್ಲ. ಹೃದಯದ ಕವಾಟಗಳ ಮೇಲೆ ಅವರು ಮಾಡಿದ ಉಪನ್ಯಾಸಗಳು ಪ್ರಸಿದ್ಧವಂತೆ, ಅವುಗಳಲ್ಲಿ ಒಂದು ವಾಕ್ಯವೂ ಉಳಿದಿಲ್ಲ. ಉಳಿದದ್ದು ಬಿಪಿ ಪೆಟ್ಟಿಗೆ, ಮತ್ತು ಯಾವ ಉಪಕರಣ ಕಂಡರೂ ಅವರು ಕೇಳುತ್ತಿದ್ದ ಒಂದೇ ಪ್ರಶ್ನೆ: "ಇದು ಖರೇನ ಅಳಿಯೋದು ಏನು?"

ಅವರ ಕ್ರಮದಲ್ಲಿ ಕಫ್‌ಗೆ ಗಾಳಿ ತುಂಬುವ ಬಲ್ಬ್ ಒತ್ತುವುದು ಕೊನೆಯ ಕೆಲಸ. ಅರ್ಧ ಗಂಟೆಯಿಂದ ಚಹಾ, ಬೀಡಿ ಇರಬಾರದು. ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿಸಿ, ಕಾಲ ಮೇಲೆ ಕಾಲು ಹಾಕದಂತೆ ಐದು ನಿಮಿಷ ಕೂರಿಸಬೇಕು, ಮಾತಾಡಿಸಬಾರದು. ತೋಳು ಹೃದಯದ ಮಟ್ಟಕ್ಕೆ. ಯಾಕೆ ಎಂಬುದನ್ನು ಅವರು ಬಾಯಿಪಾಠ ಮಾಡಿಸದೆ ಲೆಕ್ಕ ಹಾಕಿಸುತ್ತಿದ್ದರು. ಪಾದರಸ ನೀರಿಗಿಂತ 13.6 ಪಟ್ಟು ಭಾರ, ರಕ್ತ ನೀರಿಗಿಂತ ತುಸುವೇ ಭಾರ. ಹಾಗಾದರೆ ತೋಳು ಹತ್ತು ಸೆಂಟಿಮೀಟರ್ ಕೆಳಗೆ ಜೋತುಬಿದ್ದರೆ ಎಷ್ಟು ಹೆಚ್ಚು ತೋರಿಸುತ್ತದೆ? ಸುಮಾರು ಎಂಟು ಮಿಲಿಮೀಟರ್. ಇಲ್ಲದ ಬಿಪಿಗೆ ಒಬ್ಬನಿಗೆ ಮಾತ್ರೆ ಶುರು ಮಾಡಲು ಅಷ್ಟು ಸಾಕು.

ಆಮೇಲೆ ಕಫ್. ಕೆಳಗಿನ ಅಂಚು ಮೊಣಕೈ ಮಡಿಕೆಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ, ಒಳಗಿನ ರಬ್ಬರ್ ಚೀಲದ ನಡುಭಾಗ ತೋಳಿನ ಒಳಮಗ್ಗುಲಿನ ರಕ್ತನಾಳದ ಮೇಲೆ. ಮೊದಲ ಸಲ ಸ್ಟೆತಸ್ಕೋಪ್ ಮುಟ್ಟುವಂತಿಲ್ಲ. ಮಣಿಕಟ್ಟಿನ ನಾಡಿ ಹಿಡಿದು ಬಲ್ಬ್ ಒತ್ತುತ್ತ, ನಾಡಿ ಎಲ್ಲಿ ಮಾಯವಾಗುತ್ತದೋ ನೋಡಿ, ಗಾಳಿ ಬಿಟ್ಟು, ತುಸು ತಡೆದು, ಎರಡನೇ ಸಲ ಅದಕ್ಕಿಂತ 30 ಮಿಲಿಮೀಟರ್ ಮೇಲಕ್ಕೆ ಏರಿಸಿ, ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನಂತೆ ಇಳಿಸುತ್ತ ಸ್ಟೆತಸ್ಕೋಪಿನಲ್ಲಿ ಬಡಿತದ ಶಬ್ದ ಕೇಳಬೇಕು. ಶಬ್ದ ಶುರುವಾದಲ್ಲಿ ಮೇಲಿನ ಅಂಕಿ, ನಿಂತಲ್ಲಿ ಕೆಳಗಿನ ಅಂಕಿ. ಈ ನಾಡಿಯ ಹೆಜ್ಜೆ ಬಿಟ್ಟರೆ ಏನಾಗುತ್ತದೆ? ಗಡುಸಾದ ರಕ್ತನಾಳದ ಕೆಲವು ಮುದುಕರಲ್ಲಿ ಶಬ್ದ 190ಕ್ಕೆ ಶುರುವಾಗಿ, 170ರ ಹೊತ್ತಿಗೆ ನಿಂತು, 150ಕ್ಕೆ ಮತ್ತೆ ಕೇಳಿಸುತ್ತದೆ. ಅವಸರದಲ್ಲಿ 160ರವರೆಗೆ ಮಾತ್ರ ಏರಿಸಿದವನಿಗೆ 150 ಎಂದೇ ಕೇಳಿಸುತ್ತದೆ. ನಲವತ್ತು ಮಿಲಿಮೀಟರ್ ಮೋಸ, ಅದೂ ಕಿವಿ ಚೆನ್ನಾಗಿದ್ದವನಿಗೇ.

ಪಾಠದ ನಡುವೆ ಚರಿತ್ರೆಯೂ ಬರುತ್ತಿತ್ತು. ಇಟಲಿಯ ರೀವಾ-ರೋಚಿ 1896ರಲ್ಲಿ ಕಫ್ ಮತ್ತು ಪಾದರಸದ ಕಂಬ ಸೇರಿಸಿದಾಗ ಅವನ ಬಳಿ ಇದ್ದದ್ದು ಬೆರಳು ಮಾತ್ರ, ಆದ್ದರಿಂದ ಸಿಕ್ಕಿದ್ದು ಮೇಲಿನ ಅಂಕಿ ಮಾತ್ರ. ರಷ್ಯದ ಕೊರೊಟ್‌ಕಾಫ್ 1905ರಲ್ಲಿ ಅದೇ ಕಫ್‌ನ ಕೆಳಗೆ ಸ್ಟೆತಸ್ಕೋಪ್ ಇಟ್ಟ, ಕೆಳಗಿನ ಅಂಕಿಯೂ ಸಿಕ್ಕಿತು. "ಹೊಸ ಮಷೀನ್ ಏನೂ ಮಾಡಲಿಲ್ಲ ನೋಡ್ರಿ ಅಂವ, ಕಿವಿ ಇಟ್ಟ ಅಷ್ಟs" ಎಂದು ಸರ್ ಹೇಳುವಾಗ, ಕೊರೊಟ್‌ಕಾಫ್ ಪಕ್ಕದ ತಾಲ್ಲೂಕಿನವನೇನೋ ಎಂಬಂತೆ ಇರುತ್ತಿತ್ತು.

ಆ ವಾರ್ಡಿನ ಎರಡನೇ ಗುರು ಹಿರಿಯ ಸಿಸ್ಟರ್. ಇದ್ದದ್ದು ಒಂದೇ ಅಳತೆಯ ಕಫ್, ದಪ್ಪ ತೋಳಿನವರಿಗೆ ಸುತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. ಸಿಸ್ಟರ್ ಹಳೆಯ ಹಾಸಿಗೆ ಹೊದಿಕೆ ಕತ್ತರಿಸಿ ಬಾಲ ಉದ್ದ ಮಾಡಿ ಹೊಲಿದು ತಂದರು. ಸರ್ ಅದನ್ನು ಮೆಚ್ಚಿಕೊಂಡೇ ಹೇಳಿದರು: "ಅರಿವಿ ಉದ್ದಾದ್ರ ಚೀಲಾ ಉದ್ದಾಗಂಗಿಲ್ರಿ ಸಿಸ್ಟರ್." ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ನೂರಕ್ಕೆ 80ರಷ್ಟನ್ನಾದರೂ ಸುತ್ತಬೇಕು, ಅಗಲ ನೂರಕ್ಕೆ 40ರಷ್ಟಿರಬೇಕು. ಚೀಲ ಚಿಕ್ಕದಾದರೆ ಬಿಪಿ ಹೆಚ್ಚು ತೋರಿಸುತ್ತದೆ, ಸಣಕಲು ತೋಳಿಗೆ ದೊಡ್ಡದಾದರೆ ಕಡಿಮೆ. ಮುಂದಿನ ತಿಂಗಳು ಸಿಸ್ಟರೇ ಸ್ಟೋರಿಗೆ ಹೋಗಿ ಜಗಳವಾಡಿ ದೊಡ್ಡ ಕಫ್ ತಂದರು. ರವಿಕೆಯ ಬಿಗಿ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಒಂದು ಕಟ್ಟು ಹಾಕಿದಂತಾಗುತ್ತದೆ, ಪರದೆ ಎಳೆದು ಒಂದು ತೋಳು ಬಿಚ್ಚಿಸಬೇಕು ಎಂದು ಹೇಳಿಕೊಟ್ಟವರೂ ಅವರೇ. ಪಾದರಸ ಚೆಲ್ಲಿದಾಗ ಮೊದಲು ಎಲ್ಲರ ಉಂಗುರ ಬಿಚ್ಚಿಸುತ್ತಿದ್ದರು. ಚಿನ್ನಕ್ಕೆ ತಗುಲಿದರೆ ಅದು ಬೆಳ್ಳಗಾಗುತ್ತದೆ. ಕಸಬರಿಗೆಯಿಂದ ಗುಡಿಸಿದರೆ ಹನಿಗಳು ಇನ್ನೂ ಸಣ್ಣವಾಗಿ ಆವಿ ಹೆಚ್ಚುತ್ತದೆ, ಅದಕ್ಕೇ ಗಟ್ಟಿ ಕಾಗದದಿಂದ ಒಂದುಗೂಡಿಸಿ ಸಿರಿಂಜಿನಿಂದ ಎಳೆಯುತ್ತಿದ್ದರು.

ಆ ಪಾದರಸ ಈಗ ಹೊರಟುಹೋಗುತ್ತಿದೆ, ಹೋಗಲೇಬೇಕಿತ್ತು. ಕಾರ್ಖಾನೆಯ ಪಾದರಸ ಕೊಲ್ಲಿಯ ಮೀನಿಗೆ ಸೇರಿ ಜಪಾನಿನ ಒಂದು ಊರಿನ ಜನರ ನರಗಳನ್ನು ಸುಟ್ಟಿತು. ಆ ಊರಿನ ಹೆಸರಿನ ಮಿನಮಾಟ ಒಪ್ಪಂದ 2013ರಲ್ಲಿ ಆಯಿತು, 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅನುಮೋದಿಸಿತು. ಪಾದರಸದ ಬಿಪಿ ಉಪಕರಣ, ಥರ್ಮಾಮೀಟರ್ ಎರಡೂ ಅದು ಕೈಬಿಡಲು ಹೇಳಿದ ವಸ್ತುಗಳ ಪಟ್ಟಿಯಲ್ಲಿವೆ. ಇದಕ್ಕಾಗಿ ಕಣ್ಣೀರು ಹಾಕುವ ನಮ್ಮ ವಯಸ್ಸಿನವರನ್ನು ಕಂಡರೆ ನಗು ಬರುತ್ತದೆ. ಸರ್ ಹಾಕಿರಲಿಲ್ಲ.

ಮೊದಲ ಸ್ವಯಂಚಾಲಿತ ಬಿಪಿ ಯಂತ್ರ ಐಸಿಯುಗೆ ಬಂದದ್ದು ನಮ್ಮ ಹೌಸ್ ಸರ್ಜನ್ಸಿಯ ಕಾಲಕ್ಕೆ. ತಂದವನನ್ನು ಸರ್ ತಮ್ಮ ಪ್ರಶ್ನೆ ಕೇಳಿದರು. "ಸಿಸ್ಟಾಲಿಕ್, ಡಯಾಸ್ಟಾಲಿಕ್ ಎರಡೂ ಅಳೆಯುತ್ತೆ ಸರ್" ಎಂದ ಅವನು, ಅಂದರೆ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ. ಅದು ನಿಜವಲ್ಲ. ಈ ಯಂತ್ರಗಳು ಶಬ್ದ ಕೇಳುವುದಿಲ್ಲ. ಕಫ್‌ನ ಗಾಳಿ ಇಳಿಯುವಾಗ ನಾಡಿಯ ಬಡಿತಕ್ಕೆ ಅದರ ಒತ್ತಡ ಕಂಪಿಸುತ್ತದೆ, ಕಂಪನ ಅತಿ ಹೆಚ್ಚಾಗುವ ಬಿಂದು ಸರಿಸುಮಾರು ಸರಾಸರಿ ಒತ್ತಡ. ಯಂತ್ರಕ್ಕೆ ಗೊತ್ತಾಗುವುದು ಅದು. ಮೇಲಿನ, ಕೆಳಗಿನ ಅಂಕಿಗಳನ್ನು ಆ ಕಂಪನದ ಏರಿಳಿತದಿಂದ ಲೆಕ್ಕ ಹಾಕುತ್ತದೆ, ಲೆಕ್ಕದ ಸೂತ್ರ ತಯಾರಕರ ಗುಟ್ಟು. ಸರ್ ನಾಡಿ ತೀರಾ ಅಡ್ಡಾದಿಡ್ಡಿಯಾಗಿದ್ದ ಒಬ್ಬ ರೋಗಿಗೆ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್ ಇದ್ದವನಿಗೆ, ಅದನ್ನು ಕಟ್ಟಿ ಮೂರು ಸಲ ಗುಂಡಿ ಒತ್ತಿದರು. ಮೂರು ಬೇರೆ ಬೇರೆ ಉತ್ತರ. ಒಂದೊಂದು ಬಡಿತಕ್ಕೆ ಒಂದೊಂದು ಒತ್ತಡವಿರುವಾಗ ಯಂತ್ರವಾದರೂ ಏನು ಮಾಡೀತು? ಇಂಥವರಿಗೆ ಮೂರು ಸಲ ಅಳೆದು ಸರಾಸರಿ ಹಿಡಿಯಿರಿ ಎಂದರೇ ಹೊರತು ಯಂತ್ರ ವಾಪಸ್ ಕಳಿಸಲಿಲ್ಲ.

ವಾಪಸ್ ಕಳಿಸದ್ದಕ್ಕೆ ಕಾರಣ ನಮ್ಮ ತಾಂಬೋಲಾ ಡಬ್ಬಿಯೇ ಇರಬಹುದು. ಮನುಷ್ಯರು ಅಳೆದ ಬಿಪಿಯ ಯಾವ ದಾಖಲೆ ತೆಗೆದರೂ ಸೊನ್ನೆಯಲ್ಲಿ ಕೊನೆಯಾಗುವ ಅಂಕಿಗಳೇ ಕಿಕ್ಕಿರಿದಿರುತ್ತವೆ. 140, 150, 90. ಕಣ್ಣು ದುಂಡು ಅಂಕಿಯತ್ತ ಜಾರುತ್ತದೆ. 140 ದಾಟಿದರೆ ಮಾತ್ರೆ ಎಂದು ಗೊತ್ತಿರುವವನ ಕೈ 138ಕ್ಕೇ ನಿಲ್ಲುತ್ತದೆ. ಯಂತ್ರಕ್ಕೆ ಈ ಚಟ ಇಲ್ಲ. ಅದಕ್ಕೆ ಮ್ಯಾಟಿನಿಯೂ ಇಲ್ಲ. 117 ಬಂದರೆ 117 ಎಂದೇ ಹೇಳುತ್ತದೆ. ರೋಗಿ ಮನೆಯಲ್ಲೇ ಅಳೆದುಕೊಳ್ಳುವಂತಾದ ಮೇಲೆ, ಬಿಳಿ ಕೋಟು ಕಂಡೇ ಬಿಪಿ ಏರುವವರು ಯಾರು, ಆಸ್ಪತ್ರೆಯಲ್ಲಿ ಸರಿಯಿದ್ದು ಮನೆಯಲ್ಲಿ ಏರುವವರು ಯಾರು ಎಂಬುದೂ ತಿಳಿಯಿತು. ಮನೆಯ ಅಂಕಿಗೆ 135/85 ಗಡಿ, ಕ್ಲಿನಿಕ್ಕಿನದಕ್ಕೆ 140/90. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಈಗಲೂ ಇದ್ದಾರೆ, ಅದು ಬೇರೆ ಮಾತು. ಕೊಳ್ಳುವಾಗ ನೋಡಬೇಕಾದದ್ದು ಪೆಟ್ಟಿಗೆಯ ಬಣ್ಣವನ್ನಲ್ಲ, ಆ ಮಾದರಿ ಮಾನ್ಯತಾ ಪರೀಕ್ಷೆ ದಾಟಿದೆಯೇ ಎಂಬುದನ್ನು. 2018ರ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ 85 ಜನರ ಮೇಲೆ, ತರಬೇತಾದ ಇಬ್ಬರ ಕಿವಿಯ ಎದುರು ಅದನ್ನು ಪರೀಕ್ಷಿಸಿರಬೇಕು. ಬಸಿರಿನಲ್ಲಿ ಬಿಪಿ ಏರುವ ನಂಜಿನಲ್ಲಿ ಹಲವು ಮಾದರಿಗಳು ಕಡಿಮೆ ತೋರಿಸುತ್ತವೆ, ಹೆರಿಗೆ ವಾರ್ಡಿಗೆ ಬಸುರಿಯರಲ್ಲೇ ಪರೀಕ್ಷಿಸಿದ ಮಾದರಿ ಬೇಕು.

ಬೆರಳಿನಿಂದ ಎದೆ ತಟ್ಟಿ ನೋಡುವುದನ್ನು ಸರ್ ನಮಗೆ ತಿಂಗಳುಗಟ್ಟಲೆ ಕಲಿಸಿದ್ದರು. 1761ರಲ್ಲಿ ಅದನ್ನು ಬರೆದಿಟ್ಟ ಔಎನ್‌ಬ್ರುಗರ್ ಹೋಟೆಲಿನವನ ಮಗ, ಪೀಪಾಯಿ ತಟ್ಟಿ ಮದ್ಯದ ಮಟ್ಟ ತಿಳಿಯುವುದನ್ನು ಕಂಡು ಬೆಳೆದವನೆಂದು ಹೇಳುತ್ತಾರೆ. ಆದರೆ ಪುಪ್ಪುಸದ ಸುತ್ತ ಮುನ್ನೂರು ನಾನೂರು ಮಿಲಿಲೀಟರ್ ನೀರು ತುಂಬುವವರೆಗೆ ಬೆರಳಿಗೆ ತಿಳಿಯುವುದಿಲ್ಲ. ಅಲ್ಟ್ರಾಸೌಂಡಿಗೆ ಹತ್ತಿಪ್ಪತ್ತು ಮಿಲಿಲೀಟರ್ ಸಾಕು. ಇದನ್ನು ಕಣ್ಣಾರೆ ಕಂಡ ಮೇಲೆ, ಇಷ್ಟು ಕಲಿಸಿದ ಮನುಷ್ಯರೇ ಬರೀ ಬೆರಳಿನ ಲೆಕ್ಕದ ಮೇಲೆ ನೀರು ತೆಗೆಯಲು ಯಾರಿಗೂ ಸೂಜಿ ಹಾಕಗೊಡಲಿಲ್ಲ. ಜೊತೆಗೊಂದು ಎಚ್ಚರಿಕೆ ಸೇರಿಸಿದರು. ಸ್ಕ್ಯಾನ್ ಕೋಣೆಯಲ್ಲಿ ಮಲಗಿಸಿ ಗುರುತು ಹಾಕಿ, ವಾರ್ಡಿನಲ್ಲಿ ಕೂರಿಸಿ ಚುಚ್ಚಿದರೆ ನೀರು ಜಾಗ ಬಿಟ್ಟಿರುತ್ತದೆ, ಕೂರಿಸಿಯೇ ಗುರುತು ಹಾಕಬೇಕು. ಸೂಜಿ ಹೋಗಬೇಕಾದ್ದು ಪಕ್ಕೆಲುಬಿನ ಮೇಲಂಚಿನಲ್ಲಿ, ಕೆಳಂಚಿನಲ್ಲಿ ರಕ್ತನಾಳ, ನರ ಓಡುತ್ತವೆ. ಈಗ ಅಲ್ಟ್ರಾಸೌಂಡಿನಲ್ಲಿ ಮೈಗೆ ಒತ್ತಿ ಹಿಡಿಯುವ ಪ್ರೋಬು ಮೊಬೈಲ್ ಫೋನಿಗೆ ಸಿಕ್ಕಿಸುವಷ್ಟು ಚಿಕ್ಕದಾಗಿದೆ. ನಮ್ಮಲ್ಲಿ ಹೆಣ್ಣು ಭ್ರೂಣಗಳ ಕಾರಣಕ್ಕೆ ಬಂದ 1994ರ ಕಾಯ್ದೆಯಿಂದಾಗಿ ಅದನ್ನು ಸ್ಟೆತಸ್ಕೋಪಿನಂತೆ ಜೇಬಿನಲ್ಲಿಟ್ಟುಕೊಂಡು ತಿರುಗುವಂತಿಲ್ಲ, ನೋಂದಣಿ ಬೇಕು. ಆ ಕಾಯ್ದೆ ಯಾಕೆ ಬೇಕಾಯಿತು ಎಂದು ಗೊತ್ತಿದ್ದವರು ಗೊಣಗುವುದಿಲ್ಲ.

ನಾವು ಗೊಣಗುವುದು ಬೇರೆಯದಕ್ಕೆ. 2019ರಲ್ಲಿ ಸೇರಿದ ಬ್ಯಾಚಿನಿಂದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ. ಸ್ಕಿಲ್ ಲ್ಯಾಬ್, ಲಾಗ್ ಬುಕ್, ಇಂತಿಷ್ಟು ಸಲ ಮಾಡಿ ತೋರಿಸಿದರೆ ಸಹಿ. ಸ್ಕಿಲ್ ಲ್ಯಾಬಿನ ಪ್ಲಾಸ್ಟಿಕ್ ತೋಳು ಒಳ್ಳೆಯ ಉಪಾಯ. ಅದರಲ್ಲಿ ಮೇಲಿನ ಅಂಕಿ, ಕೆಳಗಿನ ಅಂಕಿ ಇಷ್ಟಬಂದಂತೆ ಇಡಬಹುದು, ನಡುವೆ ಮಾಯವಾಗುವ ಶಬ್ದವನ್ನೂ ಸ್ವಿಚ್ಚಿನಲ್ಲಿ ಇಡಬಹುದು. ನಮ್ಮ ಕಾಲದಲ್ಲಿ ಅಂಥ ಒಬ್ಬ ಅಜ್ಜ ವಾರ್ಡಿಗೆ ಬರುವವರೆಗೆ ಕಾಯಬೇಕಿತ್ತು. ಪರೀಕ್ಷೆಗೆ ಮಾತ್ರ ಒಂದು ತಮಾಷೆ ಸೇರಿಕೊಂಡಿದೆ. ಒಂದು ಮೇಜಿಗೆ ಐದು ನಿಮಿಷ. ಅಂಕಪಟ್ಟಿಯಲ್ಲಿ "ರೋಗಿಯನ್ನು ಐದು ನಿಮಿಷ ಕೂರಿಸಬೇಕು" ಎಂಬ ಸಾಲೂ ಇದೆ. ಆದ್ದರಿಂದ ವಿದ್ಯಾರ್ಥಿ "ಐದು ನಿಮಿಷ ಕೂರಿಸಿದ್ದೇನೆ ಸರ್" ಎಂದು ಜೋರಾಗಿ ಹೇಳುತ್ತಾನೆ, ಪರೀಕ್ಷಕರು ಸರಿ ಎಂದು ಗುರುತು ಹಾಕುತ್ತಾರೆ. ಐದು ನಿಮಿಷ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಇಂಟರ್ನಿಗಳನ್ನು ಹುಡುಕಿದರೆ ಲೈಬ್ರರಿಯಲ್ಲಿ ಫೋನು ಹಿಡಿದು ಪಿಜಿ ಪ್ರವೇಶದ ಪ್ರಶ್ನೆ ಬಿಡಿಸುತ್ತಿರುತ್ತಾರೆ. ಬಿಪಿ ಅಳೆಯುವ ಕ್ರಮದ ಮೇಲೆ ಪ್ರಶ್ನೆ ಬಂದರೆ ನಮ್ಮ ಬ್ಯಾಚಿನವರಿಗಿಂತ ಚೆನ್ನಾಗಿ ಉತ್ತರ ಗುರುತಿಸುತ್ತಾರೆ. ನಮ್ಮ ಬ್ಯಾಚಿನವರ ಕೈ ಮಾತ್ರ ಅವರಿಗಿಂತ ಚೆನ್ನ ಎಂದುಕೊಳ್ಳುವುದು ನಮ್ಮ ಚಪಲ. ಅಳೆಯದೆಯೇ ಬರೆದವರು ನಾವು ತಾನೇ.

ಡಿಸೆಂಬರಿನಲ್ಲಿ ಸರ್ ನೆನಪಿನ ಸಭೆಗೆ ಬ್ಯಾಚಿನ ನಲವತ್ತು ಮಂದಿ ಸೇರಿದ್ದೆವು. ಸಭಾಂಗಣದ ಬಾಗಿಲಲ್ಲಿ ಇಂಟರ್ನಿಗಳು ಬಿಪಿ ಶಿಬಿರ ಹಾಕಿದ್ದರು. ತಾಂಬೋಲಾ ತಂಡದ ಒಬ್ಬ, ಈಗ ದೊಡ್ಡ ವೈದ್ಯ, ಮೂರು ಜನರ ಜೊತೆ ಮಾತಾಡುತ್ತ ನಿಂತಲ್ಲೇ ಅಂಗಿಯ ತೋಳಿನ ಮೇಲೆ ಕಫ್ ಸುತ್ತಿಕೊಂಡು, ಕೈ ಜೋತುಬಿಟ್ಟುಕೊಂಡು, ತಾನೇ ಗುಂಡಿ ಒತ್ತಿದ. 151/97. "ಲೇ, ಬೆಸ ಸಂಖ್ಯೆ!" ಎಂದು ಹಿಂದಿನಿಂದ ಯಾರೋ ಕೂಗಿದರು, ಎಲ್ಲರೂ ನಕ್ಕರು.

ಇಂಟರ್ನಿ ಹುಡುಗಿ ನಗಲಿಲ್ಲ. ಅವಳಿಗೆ ಆ ಕತೆ ಗೊತ್ತಿರಲಿಲ್ಲ. ಕಫ್ ಬಿಚ್ಚಿ, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲ ಮೇಲಿನ ಕಾಲು ಇಳಿಸಿ, ಅಂಗಿಯ ತೋಳು ಬಿಚ್ಚಿಸಿ, "ಐದು ನಿಮಿಷ ಸುಮ್ನಿರ್ರಿ ಸರ್" ಎಂದು ಗೋಡೆ ಗಡಿಯಾರ ನೋಡುತ್ತ ನಿಂತಳು. ಸಾಲು ಬೆಳೆಯಿತು. ಅವಳು ಕದಲಲಿಲ್ಲ. ಆಮೇಲೆ ಅಳೆದಾಗ 133/85. ಒಂದು ನಿಮಿಷ ಬಿಟ್ಟು ಮತ್ತೆ ಅಳೆದಳು, 131/83. ಎಲ್ಲವನ್ನೂ ಪುಸ್ತಕಕ್ಕೆ ಬರೆದುಕೊಂಡು, ಪೆನ್ನು ಎತ್ತದೆ ಕೇಳಿದಳು:

"ಸರ್, ಮೊದಲು ನೀವು ನೋಡ್ಕೊಂಡಿದ್ದು ಯಾವ ಕೈಯಾಗ?"